ಆಳುಗುಂಡಿಯ ಸಾವಿನ ಸತ್ಯಶೋಧನೆ: ಮಾನವ ಹಕ್ಕು ಸಂಶೋಧಕರಿಗೆ ಹಂತ ಹಂತದ ಮಾರ್ಗದರ್ಶಿ

ಆಳುಗುಂಡಿಯ (ಮ್ಯಾನ್‌ಹೋಲ್) ಮೂಲಕ ಒಳಚರಂಡಿಗೆ ಇಳಿದು ಸತ್ತವರ ಬಗ್ಗೆ ಹೊಸ ಸಂಶೋಧಕರು ಬರೆದ ವರದಿಗಳನ್ನು ತಿದ್ದುವುದು ನನ್ನ ಕೆಲಸ. ಹೆಚ್ಚಿನವು ಒಂದೇ ಕಡೆ ಮುಗ್ಗರಿಸುತ್ತವೆ. ಮೊದಲ ಪುಟದಲ್ಲಿ ಹೆಂಡತಿಯ ಅಳು ಇರುತ್ತದೆ, ಕೊನೆಯ ಪುಟದಲ್ಲಿ ಬೇಡಿಕೆಗಳ ಪಟ್ಟಿ ಇರುತ್ತದೆ. ಆ ದಿನ ಅವರನ್ನು ಗುಂಡಿಗೆ ಇಳಿಸಿದವರು ಯಾರು ಎಂಬುದಕ್ಕೆ ಮಾತ್ರ ನಡುವೆ ಎಲ್ಲಿಯೂ ಉತ್ತರ ಇರುವುದಿಲ್ಲ. ಅಂಥ ವರದಿಯನ್ನು ಅಧಿಕಾರಿಗಳು ಪಕ್ಕಕ್ಕಿಡುತ್ತಾರೆ, ವಕೀಲರು ಬಳಸಲಾರರು, ಮನೆಯವರಿಗೆ ಅದರಿಂದ ಬಿಡಿಗಾಸೂ ಸಿಗದು. ಆದ್ದರಿಂದ ಇಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನೇ ಒತ್ತಿ ಹೇಳುತ್ತೇನೆ. ಈ ಕೆಲಸದಲ್ಲಿ ಕ್ರಮ ತಪ್ಪಿದರೆ ಸಾಕ್ಷ್ಯ ಕೈಬಿಟ್ಟು ಹೋಗುತ್ತದೆ.

ಹಂತ 1: ಹೊರಡುವ ಮುನ್ನ ಕಾನೂನು ಏನು ಕೇಳುತ್ತದೆ ಎಂದು ತಿಳಿದುಕೊಳ್ಳಿ

ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ (ಮಲ ಹೊರುವವರ) ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆ 2013ರದ್ದು. ಅದರ 7ನೇ ಸೆಕ್ಷನ್ ಪ್ರಕಾರ ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿ, ಒಳಚರಂಡಿ ಅಥವಾ ಶೌಚಗುಂಡಿಯ ಅಪಾಯಕಾರಿ ಶುಚಿಗೊಳಿಸುವಿಕೆಗೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತೊಡಗಿಸುವಂತಿಲ್ಲ. ‘ಅಪಾಯಕಾರಿ’ ಎಂದರೆ ಏನೆಂದು ಕಾಯ್ದೆಯೇ ಹೇಳುತ್ತದೆ: ಕೆಲಸಕ್ಕೆ ಇಟ್ಟುಕೊಂಡವರು ರಕ್ಷಣಾ ಸಾಮಗ್ರಿ ಮತ್ತು ಶುಚಿಗೊಳಿಸುವ ಉಪಕರಣ ಕೊಡದೆ, ಸುರಕ್ಷತೆಯ ಎಚ್ಚರಿಕೆ ವಹಿಸದೆ, ಕೈಯಿಂದ ಮಾಡಿಸುವ ಶುಚಿ ಕೆಲಸ.

ಇದರಿಂದ ಮೂರು ಪ್ರಶ್ನೆಗಳು ಹುಟ್ಟುತ್ತವೆ. ಒಂದು, ಕೆಲಸಕ್ಕೆ ಕರೆದವರು ಯಾರು, ಅವರಿಗೆ ಹೇಳಿದವರು ಯಾರು. ಎರಡು, ಆತ ಒಳಗೆ ಇಳಿದೇ ಕೆಲಸ ಮಾಡಿದರೇ. ಮೂರು, ಇಳಿಯುವಾಗ ಮೈಮೇಲೆ, ಕೈಯಲ್ಲಿ, ಸುತ್ತಮುತ್ತ ಏನಿತ್ತು, ಏನಿರಲಿಲ್ಲ. ಟಿಪ್ಪಣಿ ಪುಸ್ತಕದ ಮೊದಲ ಹಾಳೆಯಲ್ಲಿ ಈ ಮೂರನ್ನೂ ಬರೆದುಕೊಳ್ಳಿ. ನೀವು ಸಂಗ್ರಹಿಸುವ ಪ್ರತಿಯೊಂದು ಮಾಹಿತಿಯೂ ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಆಗಾಗ ನೋಡಿಕೊಳ್ಳಿ.

ಪದಗಳ ವಿಷಯದಲ್ಲಿ ಎಚ್ಚರವಿರಲಿ. ಸರ್ಕಾರದ ಲೆಕ್ಕದಲ್ಲಿ ‘ಮಲ ಹೊರುವವರ ಸಾವು’ ಬೇರೆ, ‘ಒಳಚರಂಡಿ ಮತ್ತು ಶೌಚಗುಂಡಿಯ ಅಪಾಯಕಾರಿ ಶುಚಿಗೊಳಿಸುವಿಕೆಯಿಂದಾದ ಸಾವು’ ಬೇರೆ. ಮೊದಲನೆಯ ಶೀರ್ಷಿಕೆಯಲ್ಲಿ ಮಾಹಿತಿ ಕೇಳಿದರೆ ‘ಒಂದೂ ಇಲ್ಲ’ ಎಂಬ ಉತ್ತರ ಬರುತ್ತದೆ. ಅದನ್ನು ನಂಬಿ ವರದಿ ಬರೆದು, ಕೊನೆಗೆ ಕೆಟ್ಟ ಹೆಸರು ಹೊತ್ತವರನ್ನು ಕಂಡಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು 10ನೇ ಸೆಕ್ಷನ್. ಈ ಕಾಯ್ದೆಯಡಿ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಘಟನೆ ನಡೆದ ಮೂರು ತಿಂಗಳೊಳಗೆ ದೂರು ದಾಖಲಾಗಿರಬೇಕು. ಘಟನೆಯ ದಿನದಿಂದ ಮೂರು ತಿಂಗಳು ಎಣಿಸಿ, ಆ ದಿನಾಂಕವನ್ನು ಪುಸ್ತಕದ ರಟ್ಟಿನ ಮೇಲೆಯೇ ದೊಡ್ಡದಾಗಿ ಬರೆಯಿರಿ. ಮುಂದಿನ ಹಂತಗಳೆಲ್ಲ ಆ ಗಡುವಿಗೆ ತಕ್ಕಂತೆ ನಡೆಯಬೇಕು.

ಹಂತ 2: ಚೀಲ ಸಿದ್ಧಮಾಡಿಕೊಳ್ಳಿ

ಪುಟಸಂಖ್ಯೆ ಹಾಕಿದ, ಹೊಲಿಗೆ ಹಾಕಿ ಕಟ್ಟಿದ ನೋಟ್‌ಪುಸ್ತಕ, ಎರಡು ಪೆನ್ನು, ಅಳತೆ ಟೇಪು, ತೂಕದ ಕಲ್ಲು ಕಟ್ಟಿದ ಉದ್ದನೆಯ ದಾರ, ದಿನಾಂಕ ಮತ್ತು ಸಮಯ ಸರಿಯಾಗಿರುವ ಮೊಬೈಲ್, ಪವರ್ ಬ್ಯಾಂಕ್. ಇಷ್ಟು ಸಾಕು. ಬಿಡಿ ಹಾಳೆಗಳಲ್ಲಿ ಬರೆಯಬೇಡಿ. ಒಂದು ಹಾಳೆ ಕಳೆದರೂ ‘ಬೇಕೆಂದೇ ತೆಗೆದಿದ್ದೀರಿ’ ಎಂದು ಎದುರಿನವರು ಹೇಳಬಹುದು. ತಪ್ಪಾಗಿ ಬರೆದದ್ದನ್ನು ಒಂದೇ ಗೆರೆಯಿಂದ ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಉಜ್ಜಿ ಅಳಿಸಬೇಡಿ.

ಹಂತ 3: ಮೊದಲು ಸ್ಥಳಕ್ಕೆ ಹೋಗಿ

ಬಹಳ ಮಂದಿ ನೇರವಾಗಿ ಮೃತರ ಮನೆಗೆ ಹೋಗುತ್ತಾರೆ. ಕರುಳು ಎಳೆಯುವುದು ಅಲ್ಲಿಗೇ. ಆದರೆ ಗುಂಡಿಯ ಮುಚ್ಚಳ ಅದೇ ಸಂಜೆ ಮುಚ್ಚಿಹೋಗುತ್ತದೆ, ಅಂಚನ್ನು ನೀರು ಹಾಕಿ ತೊಳೆಯುತ್ತಾರೆ, ಹಗ್ಗ ಮತ್ತು ಬಕೆಟ್ ಕಾಣೆಯಾಗುತ್ತವೆ. ಮನೆಯವರ ನೆನಪು ವಾರ ಕಳೆದರೂ ಉಳಿದಿರುತ್ತದೆ, ರಸ್ತೆಯ ಗುರುತು ಉಳಿಯುವುದಿಲ್ಲ.

ಮೊದಲು ದೂರದಿಂದ ನಾಲ್ಕೂ ದಿಕ್ಕಿನ ಚಿತ್ರ ತೆಗೆಯಿರಿ. ಅಂಗಡಿಯ ಫಲಕ, ವಿದ್ಯುತ್ ಕಂಬದ ಸಂಖ್ಯೆಯಂಥ ಬದಲಾಗದ ಗುರುತು ಪ್ರತಿ ಚಿತ್ರದಲ್ಲೂ ಇರಲಿ. ಆಮೇಲೆ ಹತ್ತಿರದ ಚಿತ್ರಗಳು. ಗುಂಡಿಯ ಬಾಯಿಯ ಅಗಲ ಅಳೆಯಿರಿ. ಬಾಯಿ ತೆರೆದಿದ್ದರೆ ಬಗ್ಗಿ ನೋಡಬೇಡಿ, ಮೂಗನ್ನು ಹತ್ತಿರ ಒಯ್ಯಬೇಡಿ. ಆಳವನ್ನು ಕಲ್ಲು ಕಟ್ಟಿದ ದಾರದಿಂದ ನಿಂತಲ್ಲಿಂದಲೇ ಅಳೆಯಿರಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಳಚರಂಡಿಯಲ್ಲಿ ಕಟ್ಟಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ. ಆದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು ನೂರು ಭಾಗ ಮುಟ್ಟಿತೆಂದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಸಾಕ್ಷಿಯೊಬ್ಬರು ‘ವಾಸನೆಯೇ ಇರಲಿಲ್ಲ’ ಎಂದರೆ ಅನಿಲ ಇರಲಿಲ್ಲ ಎಂದು ಬರೆಯಬೇಡಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಚಿಕ್ಕ ವಸ್ತುಗಳನ್ನು ಬಿಡಬೇಡಿ. ಒಂದು ಪ್ರಕರಣದಲ್ಲಿ ಗುಂಡಿಯಿಂದ ಮೂರಡಿ ದೂರದಲ್ಲಿ, ಕಾಂಪೌಂಡ್ ಗೋಡೆಯ ಬುಡದಲ್ಲಿ, ಒಂದು ಜೊತೆ ರಬ್ಬರ್ ಚಪ್ಪಲಿ ಇತ್ತು. ಎರಡೂ ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದವು. ಅದರ ಮೇಲೆ ನಾಲ್ಕು ಮಡಿಕೆಯ ಅಂಗಿ, ಅಂಗಿಯ ಕಿಸೆಯಲ್ಲಿ ಬೀಡಿ ಕಟ್ಟು. ದೂರಿನಲ್ಲಿ ‘ನಡೆದು ಹೋಗುವಾಗ ಕಾಲು ಜಾರಿ ಬಿದ್ದರು’ ಎಂದು ಬರೆದಿತ್ತು. ಕಾಲು ಜಾರಿ ಬೀಳುವವರು ಅಂಗಿ ಬಿಚ್ಚಿ ಮಡಿಸಿಡುವುದಿಲ್ಲ. ಮೊದಲ ಗಂಟೆಯಲ್ಲೇ ಹೋಗಿದ್ದ ಹುಡುಗಿಯೊಬ್ಬಳು ತೆಗೆದ ಆ ಒಂದು ಚಿತ್ರವೇ ಎರಡನೆಯ ಪ್ರಶ್ನೆಗೆ ಉತ್ತರವಾಯಿತು.

ಯಾವ ವಸ್ತುವನ್ನೂ ಮುಟ್ಟಬೇಡಿ, ಎತ್ತಿಕೊಂಡು ಬರಬೇಡಿ. ಅದು ಪೊಲೀಸರ ಸ್ಥಳ ಮಹಜರಿನಲ್ಲಿ ದಾಖಲಾಗಬೇಕಾದದ್ದು. ಸುತ್ತಲಿನ ಸಿಸಿಟಿವಿ ಕ್ಯಾಮೆರಾಗಳು ಎಲ್ಲಿವೆ, ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ನಕ್ಷೆ ಬರೆದುಕೊಳ್ಳಿ. ದೃಶ್ಯವನ್ನು ಕಾಯ್ದಿಡುವಂತೆ ಮಾಲೀಕರಿಗೂ ಠಾಣೆಗೂ ಅಂದೇ ಲಿಖಿತ ಮನವಿ ಕೊಡಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿಯೇ ದಾಖಲಾಗುತ್ತ ಹೋಗುತ್ತದೆ.

ಹಂತ 4: ಚಿತ್ರ, ಧ್ವನಿಮುದ್ರಿಕೆಗಳನ್ನು ಅಂದೇ ರಾತ್ರಿ ಜೋಪಾನಮಾಡಿ

ಮೂಲ ಕಡತಗಳನ್ನು ಬದಲಾಯಿಸದೆ ಎರಡು ಕಡೆ ನಕಲು ಮಾಡಿಡಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದರೊಳಗಿನ ಸಮಯ, ಸ್ಥಳದ ವಿವರ ಅಳಿಸಿಹೋಗುತ್ತದೆ. ಬೇರೆಯವರಿಂದ ತರಿಸಿಕೊಳ್ಳುವಾಗಲೂ ‘ಡಾಕ್ಯುಮೆಂಟ್’ ಆಗಿಯೇ ಕಳುಹಿಸಲು ಹೇಳಿ. ಪ್ರತಿ ಕಡತಕ್ಕೆ ಹ್ಯಾಶ್ ಸಂಖ್ಯೆ (ಕಡತದಲ್ಲಿ ಚೂರು ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆ) ತೆಗೆದು ಬರೆದಿಟ್ಟರೆ ಆಮೇಲೆ ಯಾರೂ ತಿದ್ದಿಲ್ಲ ಎಂದು ತೋರಿಸಬಹುದು. ಇದಕ್ಕೆ ಉಚಿತ ತಂತ್ರಾಂಶಗಳಿವೆ. ಡಿಜಿಟಲ್ ಸಾಕ್ಷ್ಯದ ಬಗ್ಗೆ ಬರ್ಕ್ಲಿ ಪ್ರೋಟೊಕಾಲ್, ಅನುಮಾನಾಸ್ಪದ ಸಾವಿನ ತನಿಖೆಯ ಬಗ್ಗೆ ಮಿನ್ನೆಸೋಟ ಪ್ರೋಟೊಕಾಲ್ ಎಂಬ ವಿಶ್ವಸಂಸ್ಥೆಯ ಕೈಪಿಡಿಗಳಿವೆ. ಬಿಡುವಿದ್ದಾಗ ಓದಿಕೊಳ್ಳಿ.

ಹಂತ 5: ಮನೆಯವರ ಜೊತೆ ಮಾತನಾಡಿ

ಮೊದಲ ದಿನ ಹೋಗುವುದಾದರೆ ಸುಮ್ಮನೆ ಕುಳಿತು ಬನ್ನಿ. ಪುಸ್ತಕ ತೆಗೆಯಬೇಡಿ. ಸಾಧ್ಯವಾದರೆ ಒಂದೇ ಮಾತು ಹೇಳಿ: ‘ಯಾರು ಏನೇ ಕಾಗದ ತಂದರೂ ಓದಿಸಿಕೊಳ್ಳದೆ ಸಹಿ ಹಾಕಬೇಡಿ, ಅಕ್ಕ.’ ಶವಾಗಾರದ ಬಾಗಿಲಲ್ಲೇ ಒಂದಿಷ್ಟು ನಗದು ಕೈಗಿಟ್ಟು, ಛಾಪಾ ಕಾಗದದ ಮೇಲೆ ‘ನಮಗೆ ಯಾರ ಮೇಲೂ ದೂರು ಇಲ್ಲ’ ಎಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿದ್ದಾರೆ. ಬಲರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ. ಶಾಶ್ವತ ಅಂಗವೈಕಲ್ಯವಾಗಿ ಜೀವನೋಪಾಯವೇ ಇಲ್ಲದಂತಾದರೆ ಕನಿಷ್ಠ 20 ಲಕ್ಷ. ಈ ಅಂಕಿ ಮನೆಯವರಿಗೆ ಮೊದಲೇ ತಿಳಿದಿರಬೇಕು.

ವಿವರವಾದ ಮಾತುಕತೆ ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಆಗಲಿ. ಒಪ್ಪಿಗೆಯನ್ನು ಮೂರು ಸಲ, ಬೇರೆ ಬೇರೆಯಾಗಿ ಕೇಳಿ: ಮಾತನಾಡಲು, ಧ್ವನಿ ಮುದ್ರಿಸಲು, ಹೆಸರು ಮತ್ತು ಚಿತ್ರ ಬಳಸಲು. ಒಂದಕ್ಕೆ ‘ಹೂಂ’ ಎಂದವರು ಉಳಿದೆರಡಕ್ಕೂ ಒಪ್ಪಿದ್ದಾರೆಂದು ತಿಳಿಯಬೇಡಿ. ಬೇಡವೆನಿಸಿದರೆ ಆಮೇಲೂ ಹಿಂದೆಗೆದುಕೊಳ್ಳಬಹುದು ಎಂದು ಹೇಳಿ, ಅದಕ್ಕೆ ಯಾರಿಗೆ ಫೋನ್ ಮಾಡಬೇಕೆಂದು ಬರೆದುಕೊಡಿ. ಪರಿಹಾರ ಕೊಡಿಸುತ್ತೇನೆ ಎಂದು ಎಂದಿಗೂ ಮಾತು ಕೊಡಬೇಡಿ.

ಭಾಷೆಯನ್ನು ಮೊದಲೇ ವಿಚಾರಿಸಿ. ಬೆಂಗಳೂರು, ಕೋಲಾರದ ಕಡೆಯ ಅನೇಕ ಪೌರಕಾರ್ಮಿಕರ ಮನೆಮಾತು ತೆಲುಗು. ಹೊರರಾಜ್ಯದಿಂದ ಬಂದ ಕೂಲಿಗಳಾದರೆ ಹಿಂದಿ, ಬಂಗಾಳಿ, ಒಡಿಯಾ ಇರಬಹುದು. ಗುತ್ತಿಗೆದಾರರ ಕಡೆಯ ಮೇಸ್ತ್ರಿ ‘ನಾನೇ ಹೇಳುತ್ತೇನೆ ಬಿಡಿ’ ಎಂದು ಮುಂದೆ ಬಂದರೆ ಆ ದಿನ ಮಾತುಕತೆ ನಿಲ್ಲಿಸಿ, ಬೇರೆ ದುಭಾಷಿಯನ್ನು ಕರೆದುಕೊಂಡು ಮತ್ತೆ ಹೋಗಿ.

ಪ್ರಶ್ನೆ ಕೇಳುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ‘ಅವರಿಗೆ ಮಾಸ್ಕ್ ಕೊಟ್ಟಿರಲಿಲ್ಲ ಅಲ್ಲವೇ?’ ಎಂದು ಕೇಳಿದರೆ ಉತ್ತರವನ್ನು ನೀವೇ ಬಾಯಿಗೆ ತುರುಕಿದಂತೆ. ‘ಕೆಲಸಕ್ಕೆ ಹೋಗುವಾಗ ಏನೇನು ತೆಗೆದುಕೊಂಡು ಹೋಗುತ್ತಿದ್ದರು? ಮನೆಗೆ ಬಂದಾಗ ಬಟ್ಟೆ ಹೇಗಿರುತ್ತಿತ್ತು?’ ಎಂದು ಕೇಳಿ. ‘ಎಷ್ಟು ಗಂಟೆಗೆ ಹೋದರು?’ ಎಂದರೆ ಅಂದಾಜು ಉತ್ತರ ಬರುತ್ತದೆ. ‘ಮಕ್ಕಳು ಶಾಲೆಗೆ ಹೊರಟಿದ್ದರೇ? ನೀರು ಬಂದಿತ್ತೇ?’ ಎಂದು ಕೇಳಿದರೆ ಆ ಬೆಳಿಗ್ಗೆ ಕಣ್ಣ ಮುಂದೆ ಬರುತ್ತದೆ. ಶಾಲೆಯ ಗಂಟೆ, ನೀರು ಬಿಡುವ ಹೊತ್ತು ಇವನ್ನು ನೀವು ಆಮೇಲೆ ಬೇರೆ ಕಡೆಯಿಂದ ಖಚಿತಪಡಿಸಿಕೊಳ್ಳಬಹುದು.

ಮೃತರ ಮೊಬೈಲ್ ಮನೆಯಲ್ಲಿದ್ದರೆ ಅದನ್ನು ಜೋಪಾನವಾಗಿಡಲು ಹೇಳಿ. ಒಬ್ಬ ತಾಯಿ ಮಗನ ಫೋನನ್ನು ಅಕ್ಕಿ ಡಬ್ಬಿಯಲ್ಲಿಟ್ಟಿದ್ದರು, ಗಾಜು ಒಡೆದಿತ್ತು. ಅವರೇ ತೆರೆದು ತೋರಿಸಿದಾಗ, ಸಾವಿನ ದಿನ ಬೆಳಿಗ್ಗೆ ಒಂದೇ ಸಂಖ್ಯೆಯಿಂದ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಕರೆ ಬಂದದ್ದು ಕಂಡಿತು. ‘ಆತ ನಮ್ಮ ಕೆಲಸದವನೇ ಅಲ್ಲ’ ಎನ್ನುತ್ತಿದ್ದ ಗುತ್ತಿಗೆದಾರರ ಮೇಲ್ವಿಚಾರಕನ ಸಂಖ್ಯೆ ಅದು. ಪರದೆಯ ಚಿತ್ರವನ್ನು ತಾಯಿಯ ಒಪ್ಪಿಗೆಯಿಂದ, ಅವರ ಎದುರಿನಲ್ಲೇ ತೆಗೆದುಕೊಂಡೆವು. ಫೋನನ್ನು ನಾವು ಕೈಗೆ ತೆಗೆದುಕೊಳ್ಳಲಿಲ್ಲ.

ಹಂತ 6: ಜೊತೆಗಿದ್ದವರು, ಮತ್ತು ಎದುರು ಪಕ್ಷದವರು

ಒಬ್ಬರು ಒಳಗೆ ಕುಸಿದಾಗ ಎಳೆಯಲು ಇಳಿದ ಎರಡನೆಯವರು, ಮೂರನೆಯವರು ಕೂಡ ಸಾಯುವುದು ಈ ಘಟನೆಗಳಲ್ಲಿ ಸಾಮಾನ್ಯ. ಯಾರು ಮೊದಲು ಇಳಿದರು, ಎರಡನೆಯವರನ್ನು ಇಳಿಯಲು ಹೇಳಿದ್ದು ಯಾರು, ಅಗ್ನಿಶಾಮಕ ದಳಕ್ಕೆ ಯಾರು ಯಾವಾಗ ಕರೆ ಮಾಡಿದರು ಎಂಬುದನ್ನು ಪ್ರತಿಯೊಬ್ಬರಿಂದ ಬೇರೆ ಬೇರೆಯಾಗಿ ಕೇಳಿ. ಗುಂಪಿನಲ್ಲಿ ಕೇಳಿದರೆ ದೊಡ್ಡ ದನಿಯವರ ಕಥೆಯೇ ಎಲ್ಲರ ಕಥೆಯಾಗುತ್ತದೆ. ಬದುಕುಳಿದ ಜೊತೆಗಾರರು ಇನ್ನೂ ಅದೇ ಗುತ್ತಿಗೆದಾರರ ಕೈಕೆಳಗೆ ಇರುತ್ತಾರೆ. ಅವರನ್ನು ಕೆಲಸದ ಜಾಗದಲ್ಲಿ ಭೇಟಿಮಾಡಬೇಡಿ, ಟಿಪ್ಪಣಿಯಲ್ಲಿ ಹೆಸರಿನ ಬದಲು ಸಂಕೇತ ಬಳಸಿ, ಸಂಕೇತದ ಪಟ್ಟಿಯನ್ನು ಬೇರೆ ಜಾಗದಲ್ಲಿಡಿ.

ಗುತ್ತಿಗೆದಾರರು, ಅಪಾರ್ಟ್‌ಮೆಂಟ್ ಸಂಘ, ಸ್ಥಳೀಯ ಸಂಸ್ಥೆಯ ಎಂಜಿನಿಯರ್ ಇವರ ಹೇಳಿಕೆಯನ್ನೂ ಲಿಖಿತವಾಗಿ ಕೇಳಲೇಬೇಕು. ಉತ್ತರ ಕೊಡದಿದ್ದರೆ ಯಾವ ದಿನ ಹೇಗೆ ಕೇಳಿದಿರಿ ಎಂದು ವರದಿಯಲ್ಲಿ ಬರೆಯಿರಿ. ಇದನ್ನು ಬಿಟ್ಟ ವರದಿಯನ್ನು ನಾನು ಓದದೆ ಹಿಂದಿರುಗಿಸುತ್ತೇನೆ.

ಹಂತ 7: ಕಾಗದಗಳನ್ನು ಮೊದಲ ವಾರದಲ್ಲೇ ಬೆನ್ನಟ್ಟಿ

ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ. ಮೊದಲು ನೋಡಬೇಕಾದದ್ದು ಯಾವ ಸೆಕ್ಷನ್‌ಗಳನ್ನು ಹಾಕಿದ್ದಾರೆ ಎಂಬುದು. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, ಅಂದರೆ ನಿರ್ಲಕ್ಷ್ಯದಿಂದಾದ ಸಾವು ಎಂದಷ್ಟೇ ಇದೆಯೇ? 2013ರ ಕಾಯ್ದೆಯ 7 ಮತ್ತು 9 ಇವೆಯೇ? ಮೃತರು ಪರಿಶಿಷ್ಟ ಜಾತಿಯವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಜೆ), ಅಂದರೆ ಅವರಿಂದ ಮಲ ಹೊರುವ ಕೆಲಸ ಮಾಡಿಸಿದ ಅಪರಾಧ, ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಿದ್ದೀರಾ? 9ನೇ ಸೆಕ್ಷನ್‌ನಡಿ ಮೊದಲ ಸಲದ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. 22ನೇ ಸೆಕ್ಷನ್ ಪ್ರಕಾರ ಇದು ಜಾಮೀನುರಹಿತ ಅಪರಾಧ. ಈ ಸೆಕ್ಷನ್‌ಗಳು ಎಫ್‌ಐಆರ್‌ನಲ್ಲಿ ಬಿಟ್ಟುಹೋದರೆ ಇಡೀ ಪ್ರಕರಣವೇ ಹಗುರಾಗುತ್ತದೆ.

ಯುಡಿಆರ್ (ಅಸಹಜ ಸಾವಿನ ವರದಿ) ಮಾತ್ರ ದಾಖಲಿಸಿ ಎಫ್‌ಐಆರ್ ಮಾಡದೇ ಇದ್ದರೆ ಅದು ದೊಡ್ಡ ಅಪಾಯದ ಸೂಚನೆ. ತಕ್ಷಣ ವಕೀಲರಿಗೆ ತಿಳಿಸಿ, ಏಕೆಂದರೆ ಮೂರು ತಿಂಗಳ ಗಡುವು ಓಡುತ್ತಿರುತ್ತದೆ.

ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ‘ಅಂತಿಮ ಅಭಿಪ್ರಾಯ ಕಾಯ್ದಿರಿಸಲಾಗಿದೆ’ ಎಂದು ಇರುವುದುಂಟು. ರಕ್ತ ಮತ್ತು ಒಳಾಂಗದ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿದೆ ಎಂದರ್ಥ. ಆ ಉತ್ತರ ಬರುವ ತನಕ ‘ವಿಷಾನಿಲ ಸೇವಿಸಿ ಸತ್ತರು’ ಎಂದು ನಿಮ್ಮದೇ ತೀರ್ಪು ಬರೆಯಬೇಡಿ. ‘ಶೌಚಗುಂಡಿಗೆ ಇಳಿದ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿದರು ಎಂದು ಇಬ್ಬರು ಪ್ರತ್ಯಕ್ಷದರ್ಶಿಗಳು ಹೇಳಿದ್ದಾರೆ’ ಎನ್ನಿ. ಇಷ್ಟನ್ನು ಯಾರೂ ಅಲ್ಲಗಳೆಯಲಾರರು.

ಮಾಹಿತಿ ಹಕ್ಕಿನ ಅರ್ಜಿಯನ್ನು ಮೊದಲ ವಾರವೇ ಹಾಕಿ. ಉತ್ತರಕ್ಕೆ 30 ದಿನ, ಮೇಲ್ಮನವಿಗೆ ಮತ್ತೆ ಸಮಯ; ತಡಮಾಡಿದರೆ ಗಡುವಿನೊಳಗೆ ಏನೂ ಕೈಗೆ ಬರುವುದಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಹತ್ತು ವಿಷಯಗಳನ್ನು ಒಂದೇ ಅರ್ಜಿಗೆ ತುಂಬಿ ತಿರಸ್ಕೃತರಾಗುವವರು ಇಂದಿಗೂ ಇದ್ದಾರೆ. ಬೇರೆ ಬೇರೆ ಅರ್ಜಿಗಳಲ್ಲಿ ಇವನ್ನು ಕೇಳಿ:

ಆ ಬಡಾವಣೆಯ ಒಳಚರಂಡಿ ನಿರ್ವಹಣೆಯ ಗುತ್ತಿಗೆ ಒಪ್ಪಂದ ಮತ್ತು ಕೆಲಸದ ಆದೇಶದ ಪ್ರತಿ. ಘಟನೆಯ ದಿನದ ಸಕ್ಕಿಂಗ್ (ಕೊಳಚೆ ಹೀರುವ) ಮತ್ತು ಜೆಟ್ಟಿಂಗ್ (ನೀರನ್ನು ರಭಸವಾಗಿ ಹಾಯಿಸುವ) ಯಂತ್ರಗಳ ಲಾಗ್ ಪುಸ್ತಕ. ಆ ಗುಂಡಿ ಕಟ್ಟಿಕೊಂಡಿದೆ ಎಂದು ಬಂದಿದ್ದ ಸಾರ್ವಜನಿಕ ದೂರುಗಳ ದಾಖಲೆ. ಕೊನೆಯದಾಗಿ, ಮನುಷ್ಯರನ್ನು ಇಳಿಸಲು ಕೊಟ್ಟ ಲಿಖಿತ ಅನುಮತಿಯ ಪ್ರತಿ.

ಈ ಕೊನೆಯದನ್ನು ಮರೆಯಲೇಬೇಡಿ. 2013ರ ನಿಯಮಗಳ ಪ್ರಕಾರ ಕೆಲವೇ ಕೆಲವು ಸಂದರ್ಭಗಳಲ್ಲಿ ಮಾತ್ರ ಮನುಷ್ಯರು ಒಳಚರಂಡಿಗೆ ಇಳಿಯಬಹುದು. ಆ ಪಟ್ಟಿಯ ಹೊರಗಿನ ಅನಿವಾರ್ಯ ಸಂದರ್ಭವಾದರೆ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿ ಕಾರಣ ಬರೆದು ಅನುಮತಿ ಕೊಟ್ಟಿರಬೇಕು. ‘ಅಂಥ ಕಡತ ಲಭ್ಯವಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದರೂ ಅದೊಂದು ದಾಖಲೆ. ‘ತುರ್ತು ಇತ್ತು, ಇಳಿಸಬೇಕಾಯಿತು’ ಎಂದು ಆಮೇಲೆ ಯಾರಾದರೂ ವಾದಿಸಿದರೆ ಈ ಉತ್ತರ ಎದುರಿಗೆ ನಿಲ್ಲುತ್ತದೆ. ತನಿಖೆ ನಡೆಯುತ್ತಿದೆ ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ತೋರಿಸಿ ನಿರಾಕರಿಸಿದರೆ, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂದು ವಿವರಿಸಿಲ್ಲ ಎಂಬ ಆಧಾರದ ಮೇಲೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಹಂತ 8: ಎಲ್ಲವನ್ನೂ ಒಂದೇ ಕಾಲಾನುಕ್ರಮಕ್ಕೆ ತನ್ನಿ

ವಿಶ್ಲೇಷಣೆ ಎಂದರೆ ಮುಖ್ಯವಾಗಿ ಇದೇ. ಸ್ಪ್ರೆಡ್‌ಶೀಟ್ ತೆರೆದು ನಾಲ್ಕು ಕಾಲಂ ಮಾಡಿ: ಸಮಯ, ಏನಾಯಿತು, ಯಾರು ಹೇಳಿದರು ಅಥವಾ ಯಾವ ದಾಖಲೆ, ಎಷ್ಟು ಖಚಿತ. ಒಂದೇ ಘಟನೆಗೆ ಎರಡು ಮೂಲಗಳು ಬೇರೆ ಸಮಯ ಹೇಳಿದರೆ ಸರಾಸರಿ ತೆಗೆಯಬೇಡಿ, ಎರಡನ್ನೂ ಬರೆಯಿರಿ. ವ್ಯತ್ಯಾಸ ಎಲ್ಲಿದೆಯೋ ಅಲ್ಲಿ ಹೆಚ್ಚಾಗಿ ಮುಖ್ಯವಾದದ್ದೇನೋ ಇರುತ್ತದೆ. ಒಬ್ಬರ ಹೇಳಿಕೆಯನ್ನು ಐದು ಪತ್ರಿಕೆಗಳು ಅಚ್ಚು ಹಾಕಿದರೆ ಅದು ಐದು ಮೂಲವಾಗುವುದಿಲ್ಲ.

ಹಲವು ಸಾವುಗಳ ಪಟ್ಟಿ ಮಾಡುವಾಗ ಘಟನೆಯ ದಿನ, ಸಾವಿನ ದಿನ, ಸುದ್ದಿ ಬಂದ ದಿನಗಳಿಗೆ ಬೇರೆ ಬೇರೆ ಕಾಲಂ ಇಡಿ. ಆಸ್ಪತ್ರೆಯಲ್ಲಿ ನಾಲ್ಕು ದಿನದ ನಂತರ ತೀರಿಕೊಂಡವರನ್ನು ಎರಡು ಸಲ ಎಣಿಸಿದ ಪಟ್ಟಿಗಳಿವೆ. ರಕ್ಷಿಸಲು ಇಳಿದು ಸತ್ತವರನ್ನು ಎಣಿಸದೇ ಬಿಟ್ಟವೂ ಇವೆ.

ಅಪಾಯದ ಸೂಚನೆಗಳು

ಇವು ಕಂಡರೆ ಮುಂದುವರಿಯದೆ ನಿಂತು ನೋಡಿ. ಎಲ್ಲ ಸಾಕ್ಷಿಗಳೂ ಒಂದೇ ಪದಗಳಲ್ಲಿ ಒಂದೇ ವಾಕ್ಯ ಹೇಳುತ್ತಿದ್ದರೆ ಯಾರೋ ಪಾಠ ಹೇಳಿಕೊಟ್ಟಿದ್ದಾರೆ. ಪೊಟ್ಟಣ ಒಡೆಯದ, ಮಡಿಕೆ ಬಿಚ್ಚದ ಸುರಕ್ಷಾ ಸಾಮಗ್ರಿಯನ್ನು ಘಟನೆಯ ಸ್ಥಳದಲ್ಲಿ ನಿಮಗೆ ತೋರಿಸಿದರೆ, ಅದನ್ನು ಖರೀದಿಸಿದ ದಿನಾಂಕದ ಬಿಲ್ ಕೇಳಿ. ಹಾಜರಿ ಪುಸ್ತಕದ ಒಂದು ತಿಂಗಳ ಸಹಿಗಳೆಲ್ಲ ಒಂದೇ ಪೆನ್ನಿನವಾಗಿದ್ದರೆ ಚಿತ್ರ ತೆಗೆದುಕೊಳ್ಳಿ. ನಿಮ್ಮ ಭೇಟಿಯ ಮರುದಿನ ಸಾಕ್ಷಿಯ ಫೋನ್ ಬಂದ್ ಆಗಿದ್ದರೆ ಅವರನ್ನು ಹುಡುಕುತ್ತ ಬೀದಿ ಬೀದಿ ಸುತ್ತಬೇಡಿ. ನೀವು ಹುಡುಕುತ್ತಿದ್ದೀರಿ ಎಂಬ ಸುದ್ದಿಯೇ ಅವರಿಗೆ ಅಪಾಯ. ನಂಬಿಕಸ್ಥ ಸಂಘಟನೆಯ ಮೂಲಕ ಕ್ಷೇಮ ವಿಚಾರಿಸಿ.

ನಿಮ್ಮೊಳಗಿನ ಸೂಚನೆಯನ್ನೂ ಗಮನಿಸಿ. ನಿದ್ದೆ ಬಾರದಿರುವುದು, ಧ್ವನಿಮುದ್ರಿಕೆ ಕೇಳಲು ಕೈ ಹಿಂಜರಿಯುವುದು ಸಹಜ. ಒಂದೇ ದಿನ ಎರಡು ಮನೆಗಳ ಮಾತುಕತೆ ಇಟ್ಟುಕೊಳ್ಳಬೇಡಿ.

ಹಂತ 9: ಬರೆಯುವುದು, ಹಿಂದಿರುಗಿ ತೋರಿಸುವುದು

ಪ್ರತಿ ವಾಕ್ಯದ ಪಕ್ಕ, ಕರಡಿನಲ್ಲಿ ಮಾತ್ರ, ಅದರ ಆಧಾರದ ಸಂಖ್ಯೆ ಬರೆಯಿರಿ. ಸಂಖ್ಯೆ ಇಲ್ಲದ ವಾಕ್ಯವನ್ನು ತೆಗೆದುಹಾಕಿ, ಎಷ್ಟೇ ಚೆನ್ನಾಗಿದ್ದರೂ. ‘ಕೊಲೆ’, ‘ಪಿತೂರಿ’ ಎಂಬ ಪದಗಳನ್ನು ನಿಮ್ಮ ಬಾಯಿಂದ ಆಡಬೇಡಿ. ಮೊದಲ ಪುಟದಲ್ಲಿ ಮೂರು ಪ್ರಶ್ನೆಗಳಿಗೆ ಮೂರು ಉತ್ತರ ಬರಲಿ, ಕುಟುಂಬದ ನೋವು ಅವರ ಮಾತಿನಲ್ಲೇ ಆಮೇಲೆ ಬರಲಿ. ಬೇಡಿಕೆಗಳು ನಾಲ್ಕೈದು ಸಾಕು. ಒಂದೊಂದನ್ನೂ ನೆರವೇರಿಸಬೇಕಾದ ಅಧಿಕಾರಿಯ ಹುದ್ದೆಯನ್ನು ಅದರ ಎದುರು ಬರೆಯಿರಿ: ಪರಿಹಾರಕ್ಕೆ ಜಿಲ್ಲಾಧಿಕಾರಿ, ಸೆಕ್ಷನ್ ಸೇರಿಸಲು ತನಿಖಾಧಿಕಾರಿ. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು.

ಪ್ರಕಟಿಸುವ ಮುನ್ನ ಮನೆಯವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. ಒಂದು ಮನೆಯಲ್ಲಿ, ಗಂಡ ‘ಕುಡಿದು ಕೆಲಸಕ್ಕೆ ಹೋಗುತ್ತಿದ್ದರು’ ಎಂಬ ಸಾಲು ಬಂದಾಗ ಹೆಂಡತಿ ಕೈ ಎತ್ತಿ ನಿಲ್ಲಿಸಿದರು. ‘ಆ ವಾಸನೆ ತಡೆಯೋಕೆ ಕುಡಿಯುತ್ತಿದ್ದರು, ಅದನ್ನೂ ಬರೆಯಿರಿ’ ಎಂದರು. ಆ ಸಾಲಿನ ಪಕ್ಕದಲ್ಲಿ ಅವರ ಮಾತನ್ನು ಹಾಗೆಯೇ ಸೇರಿಸಿದೆವು. ಅಚ್ಚಾದ ಪ್ರತಿಯನ್ನು ಅವರ ಕೈಗೆ ಕೊಟ್ಟು, ಎಫ್‌ಐಆರ್ ಸಂಖ್ಯೆ, ವಕೀಲರ ಫೋನ್, ಮುಂದಿನ ದಿನಾಂಕ ಈ ಮೂರನ್ನು ಒಳರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು ಬನ್ನಿ.